ಕಲ್ಲೆಲ್ಲಿ ಓಡಿಹೋಗುತ್ತೆ

ವಿಶಾಲಾಕ್ಷಿ ಬೂಟು ಕೊಂಡದ್ದೇ ಮನೆಯಲ್ಲಿ ದೊಡ್ಡ ಸುದ್ದಿಯಾಯಿತು. ಇಪ್ಪತ್ತು ವರ್ಷದಿಂದ ಲಂಡನ್ನಿನ ಸಟನ್‌ನಲ್ಲಿದ್ದರೂ ಚಳಿಗಾಲಕ್ಕೊಂದು ಕರಿ ಶೂ, ಬೇಸಿಗೆಗೊಂದು ಚಪ್ಪಲಿ, ಅಷ್ಟರಲ್ಲೇ ದಿನ ನೂಕಿದವಳು ಅವಳು. ಅಂಥವಳು ಎರಡು ಸಾವಿರದ ನಾಲ್ಕನೆಯ ಇಸವಿಯ ಜನವರಿಯಲ್ಲಿ ಹೈ ಸ್ಟ್ರೀಟಿನ ಅಂಗಡಿಗೆ ಒಬ್ಬಳೇ ಹೋಗಿ, ಬೆಟ್ಟ ಹತ್ತುವವರು ಹಾಕುವಂಥ ಕಂದು ಬಣ್ಣದ ದಪ್ಪ ಬೂಟು ತಂದು ಬಾಗಿಲ ಬಳಿ ಇಟ್ಟಳು. ಗಂಡ ಸತ್ಯನಾರಾಯಣ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಸಂಜೆ ಮನೆಗೆ ಬಂದವರು ಅದನ್ನು ನೋಡಿ, "ಏನೇ ಇದು, ಮಿಲಿಟ್ರಿ ಸೇರ್ಕೊಂಡ್ಯಾ?" ಎಂದು ನಕ್ಕರು.

"ಮೆಕ್ಸಿಕೋದಲ್ಲಿ ಪಿರಮಿಡ್ ಹತ್ತಬೇಕಲ್ಲ ರೀ. ಹೊಸ ಬೂಟು ಕಚ್ಚುತ್ತೆ. ಈಗಿಂದ್ಲೇ ಹಾಕ್ಕೊಂಡು ಓಡಾಡಿ ಪಳಗಿಸ್ಬೇಕು."

ಡಾಕ್ಟರ ನಗು ನಿಂತಿತು. ಹೆಂಡತಿ ಇಷ್ಟು ದಿನ ಹೇಳುತ್ತಿದ್ದುದು ತಮಾಷೆಗಲ್ಲ ಎಂದು ಅವರಿಗೆ ಹೊಳೆದದ್ದು ಆಗಲೇ ಇರಬೇಕು.

ಈ ಆಸೆ ಹುಟ್ಟಿದ್ದು ಅತ್ತೆಯ ಮಂಚದ ಪಕ್ಕದಲ್ಲಿ. ಮೈಸೂರಿನಿಂದ ಮಗನ ಮನೆಗೆಂದು ಬಂದ ವೇದಮ್ಮನವರಿಗೆ ಪಾರ್ಶ್ವವಾಯು ಬಡಿದು, ಬಲಗೈ ಬಲಗಾಲು ಬಿದ್ದುಹೋದವು. ಆರು ವರ್ಷ ಮಲಗಿದ್ದರು. ಎತ್ತಿ ಕೂರಿಸಿದ್ದು, ತಿನ್ನಿಸಿದ್ದು, ತೊಳೆದದ್ದು, ಬಳಿದದ್ದು ಎಲ್ಲ ವಿಶಾಲಾಕ್ಷಿ. ಮಗ ಡಾಕ್ಟರೇ, ಇಲ್ಲ ಅಂದವರು ಯಾರು? ಆದರೆ ಅವರು ಬೇರೆಯವರ ಅಮ್ಮಂದಿರನ್ನು ನೋಡಿಕೊಳ್ಳುವುದರಲ್ಲಿ ಬಿಡುವಿಲ್ಲದ ಡಾಕ್ಟರು. ಮಧ್ಯಾಹ್ನ ಅತ್ತೆ ಸೊಸೆ ಟಿವಿ ನೋಡುತ್ತಿದ್ದರು. ಒಂದು ದಿನ ಕಾಡಿನ ನಡುವೆ ಎದ್ದು ನಿಂತ ಮೆಟ್ಟಿಲು ಮೆಟ್ಟಿಲಿನ ಪಿರಮಿಡ್ಡು ತೋರಿಸಿದರು. ಮಾಯಾ ಜನ ಎಂಬುವರು ಕಟ್ಟಿದ್ದಂತೆ, ಊರಿನ ಹೆಸರು ಚಿಚೆನ್ ಇಟ್ಜಾ ಅಂತೆ. ಯಾರೋ ಒಬ್ಬ ಹೆಂಗಸು ತೋಳಿಲ್ಲದ ಅಂಗಿ ತೊಟ್ಟು ಸರಸರ ಅದನ್ನು ಹತ್ತಿ, ತುದಿಯಲ್ಲಿ ನಿಂತು, ಕಾಡನ್ನೆಲ್ಲ ಒಮ್ಮೆ ನೋಡಿದಳು.

"ಎಷ್ಟು ಚೆನ್ನಾಗಿದೆ ಅಲ್ವಾ ಅಮ್ಮ," ಎಂದಳು ವಿಶಾಲಾಕ್ಷಿ.

ವೇದಮ್ಮ ಸೊಟ್ಟ ಬಾಯಲ್ಲೇ, "ಕಾಲು ಗಟ್ಟಿ ಇರೋವಾಗ್ಲೇ ಹತ್ತಿಬಿಡೇ ವಿಶಾಲೂ. ನಾನು ಮೈಸೂರಲ್ಲೇ ಹುಟ್ಟಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲಿಲ್ಲ. ನಾಳೆ ನಾಳೆ ಅಂದ್ಕೊಂಡೇ ಇದ್ದೆ," ಎಂದರು. ಆಮೇಲೆ ಎಡಗೈಯಲ್ಲಿ ಸೊಸೆಯ ಮೊಣಕಾಲನ್ನು ಮುಟ್ಟಿ ನೋಡಿ, "ಗಟ್ಟಿ ಇದೆ," ಎಂದು ತಾವೇ ತೀರ್ಪು ಕೊಟ್ಟರು.

ಅತ್ತೆ ತೀರಿಕೊಂಡ ಮೇಲೆ ಮನೆ ಬಿಕೋ ಎನ್ನತೊಡಗಿತು. ಮಗಳು ಧೃತಿ ಓದಲು ಮ್ಯಾಂಚೆಸ್ಟರಿಗೆ ಹೋಗಿದ್ದಳು. ವಿಶಾಲಾಕ್ಷಿಗೆ ಶಾಲೆಯೊಂದರ ಲ್ಯಾಬಿನಲ್ಲಿ ಸಹಾಯಕಿಯ ಕೆಲಸವಿತ್ತು. ಅದು ಮುಗಿದ ಮೇಲೆ ಗುರುವಾರ ಸಂಜೆ ಕೌನ್ಸಿಲ್‌ನವರು ನಡೆಸುವ ತರಗತಿಗೆ ಸೇರಿಕೊಂಡಳು. ಪಾಠ ಮಾಯಾ ಜನರದು, ಹೇಳಿಕೊಡುವವಳು ಜ್ಯಾನೆಟ್ ಎಂಬ ಶಾಲಾ ಟೀಚರು. ಒಂದು ಶನಿವಾರ ಜ್ಯಾನೆಟ್ ಎಲ್ಲರನ್ನೂ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಕೆತ್ತನೆಯ ಕಲ್ಲು. ರಾಜ ಪಂಜು ಹಿಡಿದು ನಿಂತಿದ್ದಾನೆ, ಎದುರಿಗೆ ಮಂಡಿಯೂರಿದ ರಾಣಿ ಮುಳ್ಳಿನ ಹಗ್ಗವೊಂದನ್ನು ತನ್ನ ನಾಲಿಗೆಯೊಳಗಿಂದ ಎಳೆದುಕೊಳ್ಳುತ್ತಿದ್ದಾಳೆ. ದೇವರಿಗೆ ರಕ್ತ ಕೊಡುವ ವ್ರತ ಅದು. ಉಳಿದವರು ಮುಖ ಕಿವಿಚಿದರು. ವಿಶಾಲಾಕ್ಷಿ ಮಾತ್ರ ಅಲ್ಲಿಂದ ಬೇಗ ಕದಲಲಿಲ್ಲ. ಮೈತುಂಬ ಒಡವೆ, ತಲೆಯ ಮೇಲೆ ಗರಿ, ಬಾಯಲ್ಲಿ ಮುಳ್ಳು. ಮನೆಗೆ ಬಂದು ಹೇಳಿದರೆ ಡಾಕ್ಟರು, "ಕಾಡು ಜನ," ಎಂದು ಪೇಪರು ಮಡಚಿದರು.

ಪ್ರವಾಸದ ಮಾತು ತೆಗೆದವಳು ಜ್ಯಾನೆಟ್. ಅಕ್ಟೋಬರಿನಲ್ಲಿ ಶಾಲೆಗೆ ಒಂದು ವಾರ ಬಿಡುವಿರುತ್ತದಲ್ಲ, ಆಗ ಹೊರಡೋಣ; ಗ್ಯಾಟ್ವಿಕ್‌ನಿಂದ ವಿಮಾನ, ಅಲ್ಲಿ ಬಸ್ಸು, ಜೊತೆಗೆ ಅದೇ ಸೀಮೆಯ ಗೈಡು. ಸತ್ಯವಾಗಿ ಹೇಳಬೇಕೆಂದರೆ ಆ ವಾರವನ್ನು ಗಟ್ಟಿಮಾಡಿದ್ದು ವಿಶಾಲಾಕ್ಷಿಯೇ. ಅತ್ತೆಯ ತಿಥಿ ಆಶ್ವಯುಜ ಶುದ್ಧ ದ್ವಾದಶಿ. ಹೋದ ವರ್ಷ ಅದು ಅಕ್ಟೋಬರ್ ಮೊದಲ ವಾರದಲ್ಲಿ ಬಂದಿತ್ತು, ನಮ್ಮ ತಿಥಿಗಳು ವರ್ಷ ವರ್ಷವೂ ಹಿಂದಕ್ಕೆ ಸರಿಯುತ್ತವೆ, ಅಂದರೆ ಈ ಸಲ ಸೆಪ್ಟೆಂಬರಿನಲ್ಲೇ ಮುಗಿದುಹೋಗುತ್ತದೆ ಎಂದು ಲೆಕ್ಕ ಹಾಕಿ, "ಆ ವಾರವೇ ಆಗಲಿ," ಎಂದು ತನಗೊಂದು ಗಂಡನಿಗೊಂದು ಸೀಟು ಗೊತ್ತುಮಾಡಿಬಿಟ್ಟಳು. ತಮಾಷೆ ನೋಡಿ, ಅದೇ ತಿಂಗಳು ತರಗತಿಯಲ್ಲಿ ಮಾಯಾ ಪಂಚಾಂಗದ ಪಾಠ ನಡೆದಾಗ ಇವಳೇ ಎದ್ದು ನಿಂತು, ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಅಂತ ಒಂದು ತಿಂಗಳು ಹೆಚ್ಚಿಗೆ ಸೇರಿಸಿ ವರ್ಷವನ್ನು ಸರಿಮಾಡುತ್ತಾರೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದ್ದಳು. ಎಲ್ಲರೂ ಭೇಷ್ ಅಂದರು. ಆ ಮೂರನೆಯ ವರ್ಷ ಇದೇ ವರ್ಷ ಎನ್ನುವುದು ಮಾತ್ರ ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ!

ಯುಗಾದಿಯ ಹೊತ್ತಿಗೆ ಮೈಸೂರಿನಿಂದ ಹೊಸ ಪಂಚಾಂಗ ಬಂತು. ಡಾಕ್ಟರು ಎಂದೂ ಪಂಚಾಂಗ ಬಿಚ್ಚಿದವರಲ್ಲ, ಅದೆಲ್ಲ ಹೆಂಡತಿಯ ಇಲಾಖೆ. ಆ ಸಲ ಮಾತ್ರ ಕನ್ನಡಕ ಏರಿಸಿಕೊಂಡು ಕೂತು ಹಾಳೆ ತಿರುವಿದರು.

"ನೋಡಿಲ್ಲಿ. ಈ ವರ್ಷ ಅಧಿಕ ಶ್ರಾವಣ. ಅಮ್ಮನ ತಿಥಿ ನಿನ್ನ ಪ್ರವಾಸದ ನಟ್ಟನಡುವೆ ಬರುತ್ತೆ," ಎಂದರು. ದನಿಯಲ್ಲಿ ಬೇಸರಕ್ಕಿಂತ ನಿರಾಳವೇ ಹೆಚ್ಚಾಗಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು. ಆಗ ಏನೂ ಅನ್ನಿಸಲಿಲ್ಲ.

"ಬೇರೆ ದಾರಿ ಏನೂ ಇಲ್ವಾ ರೀ? ಶಾಸ್ತ್ರಿಗಳನ್ನ ಒಂದ್ಸಲ ಕೇಳಿ ನೋಡಿ."

ಆತ್ರೇಯ ಶಾಸ್ತ್ರಿಗಳು ಗ್ರೀನ್‌ಫರ್ಡ್‌ನವರು. ವಾರದ ದಿನ ಅಂಚೆ ಕಚೇರಿಯ ಕೆಲಸ. ಲಂಡನ್ನಿನ ಕನ್ನಡದವರ ಮನೆಯ ಮದುವೆ, ಮುಂಜಿ, ತಿಥಿಗಳಿಗೆ ರಜೆ ಹಾಕಿ ಬರುತ್ತಿದ್ದರು. ಮಾರನೆಯ ದಿನ ಡಾಕ್ಟರು ಮಹಡಿಯ ಮೇಲೆ ಹೋಗಿ ಅವರೊಂದಿಗೆ ಫೋನಿನಲ್ಲಿ ಮಾತಾಡಿ ಕೆಳಗಿಳಿದು ಬಂದರು.

"ಆಗಲ್ವಂತೆ. ಮಗ ಮನೇಲೇ ನಿಂತು ಮಾಡ್ಬೇಕು, ಹೆಂಡ್ತಿ ಮಡಿಯಲ್ಲಿ ಅಡುಗೆ ಮಾಡ್ಬೇಕು. ಬಿಟ್ಟರೆ ಪಿತೃಗಳಿಗೆ ಹಸಿವು ಅಂತೆ." ಆಮೇಲೆ ಅವಳ ಮುಖ ನೋಡಿ, "ಯಾಕೆ ಹಾಗೆ ಮುಖ ಬಾಡಿಸ್ತೀಯಾ? ಮುಂದಿನ ವರ್ಷ ಹೋದ್ರಾಯ್ತು. ಸಾವಿರ ವರ್ಷದಿಂದ ಅಲ್ಲೇ ಬಿದ್ದಿದೆ. ಕಲ್ಲೆಲ್ಲಿ ಓಡಿಹೋಗುತ್ತೆ?" ಎಂದರು.

ವಿಷಯ ಕೇಳಿ ಧೃತಿ ಫೋನಿನಲ್ಲೇ ಕೂಗಾಡಿದಳು. "ಅಮ್ಮಾ, ಯೂ ಜಸ್ಟ್ ಗೋ. ಲೆಟ್ ಡ್ಯಾಡ್ ಕುಕ್!"

"ನಿಮ್ಮಪ್ಪಂಗೆ ಅನ್ನ ಇಡೋಕೆ ಬರಲ್ಲ ಕಣೇ, ವಡೆ ಕರೀತಾರಾ?" ಎಂದಳು ವಿಶಾಲಾಕ್ಷಿ. ನಗುತ್ತಲೇ ಅಂದಳು, ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅತ್ತೆಗೆ ಹಸಿವು ಎಂದಮೇಲೆ ಅವಳಿಂದ ಎದುರು ಮಾತಾಡಲು ಆಗುತ್ತಿರಲಿಲ್ಲ. ಆರು ವರ್ಷ ಆ ಬಾಯಿಗೆ ತುತ್ತಿಟ್ಟ ಕೈ ಅದು. ಡಾಕ್ಟರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಗೊತ್ತುಮಾಡಿದ ಎರಡು ಸೀಟು ಸುಮ್ಮನೆ ಹಾಳಾಗಬಾರದೆಂದು ಡಾಕ್ಟರು ಅವನ್ನು ತಮ್ಮನಿಗೆ ದಾಟಿಸಿದರು. ತಮ್ಮ ಕೃಷ್ಣಪ್ರಸಾದ, ಪಾರ್ಕ್ ರಾಯಲ್‌ನಲ್ಲಿ ಚಪಾತಿ ಪ್ಯಾಕ್ ಮಾಡುವ ಫ್ಯಾಕ್ಟರಿ ಇಟ್ಟುಕೊಂಡವನು. ಅವನೂ ಅದೇ ತಾಯಿಯ ಮಗನೇ ಅಲ್ಲವೇ ಎಂದು ನೀವು ಕೇಳಬಹುದು. ವಿಶಾಲಾಕ್ಷಿಯೂ ಕೇಳಿದಳು.

"ಹಿರಿಯ ಮಗ ನಾನು ಮಾಡಿದ್ರೆ ಇಬ್ಬರದೂ ಸೇರಿದ ಹಾಗೆ. ಅವನಾದರೂ ಹೋಗಿ ಬರಲಿ, ಪಾಪ," ಎಂದರು ಡಾಕ್ಟರು. ತಮ್ಮನ ಮಟ್ಟಿಗೆ ಪಿತೃಗಳ ಹಸಿವು ಅಣ್ಣನ ಮನೆಯಲ್ಲೇ ತೀರುತ್ತಿತ್ತು.

ಹೊರಡುವ ಮುಂಚಿನ ಭಾನುವಾರ ಕೃಷ್ಣಪ್ರಸಾದನ ಹೆಂಡತಿ ಸಿರಿಶಾ ಮನೆಗೆ ಬಂದಳು. ಬಾಗಿಲ ಬಳಿ ಬೂಟು ಕಣ್ಣಿಗೆ ಬಿತ್ತು. ಒಂಬತ್ತು ತಿಂಗಳು ವಿಶಾಲಾಕ್ಷಿ ಅದನ್ನು ಹಾಕಿಕೊಂಡು ಪಾರ್ಕು ಸುತ್ತಿದ್ದಳು, ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿದಿದ್ದಳು. ಪ್ರವಾಸ ತಪ್ಪಿದ ಮೇಲೂ ಅಭ್ಯಾಸ ಬಿಟ್ಟಿರಲಿಲ್ಲ. ಬೂಟು ಅವಳ ಕಾಲಿಗೆ ಅಚ್ಚು ಹಾಕಿದಂತೆ ಕೂತಿತ್ತು.

"ಅಕ್ಕಾ, ನಮ್ಮಿಬ್ಬರದೂ ಒಂದೇ ಸೈಜ್ ಅಲ್ವಾ? ಒಂದು ವಾರಕ್ಕೆ ಇದನ್ನ ಕೊಡ್ತೀರಾ? ಹೊಸದು ತಗೊಂಡ್ರೆ ಕಾಲು ಕಚ್ಚುತ್ತೆ."

"ತಗೋ, ಅದಕ್ಕೇನಂತೆ," ಎಂದಿತು ವಿಶಾಲಾಕ್ಷಿಯ ಬಾಯಿ. ಲೇಸು ಬಿಗಿಯುವುದು ಹೇಗೆಂದೂ ತೋರಿಸಿಕೊಟ್ಟಳು.

ತಿಥಿಯ ದಿನ ವಿಶಾಲಾಕ್ಷಿ ಬೆಳಗಿನ ಜಾವಕ್ಕೆ ಎದ್ದು, ತಲೆಗೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು ಒಲೆ ಹಚ್ಚಿದಳು. ಶಾಲೆಯ ರಜೆ ಇದ್ದದ್ದು ಒಳ್ಳೆಯದೇ ಆಯಿತೆನ್ನಿ. ಬಾಳೆಕಾಯಿ, ಹಾಗಲಕಾಯಿ, ಗಸಗಸೆ ಪಾಯಸ, ಎಳ್ಳುಂಡೆ, ಉದ್ದಿನ ವಡೆ. ವಡೆಯ ಹೊಗೆಗೆ ಮನೆಯ ಅಲಾರಂ ಬಡಕೊಳ್ಳತೊಡಗಿದಾಗ ಡಾಕ್ಟರು ಪಂಚೆ ಎತ್ತಿ ಕಟ್ಟಿ, ಕುರ್ಚಿ ಹತ್ತಿ, ಟವೆಲ್ಲಿನಲ್ಲಿ ಗಾಳಿ ಬೀಸಿದರು. ಬ್ರಾಹ್ಮಣಾರ್ಥಕ್ಕೆ ಬಂದ ಇಬ್ಬರಲ್ಲಿ ಒಬ್ಬನಿಗೆ ಆಫೀಸಿನಿಂದ ಮೂರು ಸಲ ಫೋನು ಬಂತು. ಪಿಂಡ ಇಟ್ಟಾಗ ವಿಶಾಲಾಕ್ಷಿ ನಮಸ್ಕಾರ ಮಾಡಿ, "ಹೊಟ್ಟೆ ತುಂಬ ಉಣ್ಣಿ ಅಮ್ಮ," ಎಂದುಕೊಂಡಳು. ಅದರಲ್ಲಿ ಕಪಟವಿರಲಿಲ್ಲ. ಆದರೂ ಪಾತ್ರೆ ತೊಳೆಯುವಾಗ, ಈಗ ಅಲ್ಲಿ ಬಸ್ಸು ಹೊರಟಿರಬಹುದು ಎಂಬ ಯೋಚನೆ ಬಂದೇ ಬಂತು.

ವಾರ ಕಳೆದು ಮೈದುನನ ಸವಾರಿ ಬಂತು. ಫೋಟೋಗಳ ಮೇಲೆ ಫೋಟೋ. ಪಿರಮಿಡ್ಡಿನ ತುದಿಯಲ್ಲಿ ಸಿರಿಶಾ, ಕೈ ಎರಡೂ ಅಗಲಿಸಿ, ಕಾಲಲ್ಲಿ ಕಂದು ಬೂಟು. ಕಾಡಿನ ಕಡೆಗೆ ಬೆನ್ನು.

"ಅಯ್ಯೋ, ಏನ್ ಬಿಸಿಲು ಅಕ್ಕಾ! ಹತ್ತೋದೇನೋ ಹತ್ತಿದ್ವಿ, ಮೇಲೆ ಏನಿದೆ ಮಣ್ಣು? ಒಂದು ಸಣ್ಣ ಕತ್ತಲೆ ರೂಮು. ನೀವು ಬರದೆ ಇದ್ದಿದ್ದೇ ಒಳ್ಳೇದಾಯ್ತು."

"ಅಮ್ಮನ ದಿನ ನಾವು ಕೋಳಿ ಮುಟ್ಟಲಿಲ್ಲ ಅತ್ತಿಗೆ. ಬರೀ ಮೀನು," ಎಂದ ಕೃಷ್ಣಪ್ರಸಾದ, ದೊಡ್ಡ ಉಪಕಾರ ಮಾಡಿದವನಂತೆ.

ಬೂಟು ಪ್ಲಾಸ್ಟಿಕ್ ಚೀಲದಲ್ಲಿ ವಾಪಸ್ಸು ಬಂತು. ಹೊಲಿಗೆಯ ಸಂದಿಯಲ್ಲೆಲ್ಲ ಬಿಳಿ ಧೂಳು. ಹೊರಗೆ ಒಯ್ದು ಒದ್ದೆ ಬಟ್ಟೆಯಲ್ಲಿ ಒರೆಸುವಾಗ ವಿಶಾಲಾಕ್ಷಿಗೆ ಆ ಧೂಳನ್ನು ಚರಂಡಿಗೆ ಬಿಡಲು ಮನಸ್ಸಾಗಲಿಲ್ಲ. ಅರ್ಧಕ್ಕೇ ನಿಲ್ಲಿಸಿ, ಹಾಗೆಯೇ ಬೀರುವಿನೊಳಗಿಟ್ಟಳು.

ಮುಂದಿನ ವರ್ಷವೂ ಬಂತು. ಆ ವರ್ಷ ಧೃತಿಯ ಪದವಿ, ಅದೂ ಇದೂ ಎಂದು ಡಾಕ್ಟರು ಮೆಕ್ಸಿಕೋದ ಮಾತೇ ಎತ್ತಲಿಲ್ಲ. ಅಧಿಕ ಮಾಸದ ಕಾಟವಿರಲಿಲ್ಲ. ತಿಥಿ ಅಕ್ಟೋಬರ್ ನಡುವೆ ಬಿತ್ತು. ಅದರ ಹಿಂದಿನ ವಾರ ಡಾಕ್ಟರು ಊಟಕ್ಕೆ ಕೂತಾಗ, ಬಹಳ ಮಾಮೂಲಿ ವಿಷಯವೆಂಬಂತೆ ಹೇಳಿದರು. "ಈ ಸಲ ಅಮ್ಮಂದು ಹಿರಣ್ಯದಲ್ಲಿ ಮುಗಿಸ್ತೀನಿ. ಶಾಸ್ತ್ರಿಗಳಿಗೆ ಅಕ್ಕಿ, ಬೇಳೆ, ತರಕಾರಿ, ದಕ್ಷಿಣೆ ಕೊಟ್ಟು, ಎಳ್ಳುನೀರು ಬಿಟ್ಟರೆ ಆಯ್ತು. ನೀನೂ ಅಡುಗೆ ಅಂತ ಒದ್ದಾಡಬೇಕಾಗಿಲ್ಲ. ಆಸ್ಪತ್ರೆಯೋರು ಪೋರ್ಚುಗಲ್‌ಗೆ ಗಾಲ್ಫ್ ಆಡೋಕೆ ಹೋಗ್ತಿದಾರೆ, ತಿಥಿ ದಿನ ಬೆಳಿಗ್ಗೇನೇ ಟ್ಯಾಕ್ಸಿ ಬರುತ್ತೆ."

ವಿಶಾಲಾಕ್ಷಿ ಸೌಟು ಕೆಳಗಿಟ್ಟಳು. "ಹಾಗೂ ಮಾಡಬಹುದಾ?"

"ತೀರಾ ಕಷ್ಟ ಅಂದ್ರೆ ಮಾಡಬಹುದು," ಎಂದು ಅವರು ಸಾರು ಕಲಸಿಕೊಂಡರು.

ಆ ಬೆಳಿಗ್ಗೆ ಗಾಲ್ಫ್ ಚೀಲ ಬಾಗಿಲ ಬಳಿ ಕಾಯುತ್ತಿತ್ತು. ಡಾಕ್ಟರು ಪಂಚೆಯುಟ್ಟು ಎಳ್ಳುನೀರು ಬಿಟ್ಟು, ಅಕ್ಕಿಯ ತಟ್ಟೆ ಶಾಸ್ತ್ರಿಗಳ ಕೈಗೆ ಕೊಟ್ಟು, ಅಡ್ಡಬಿದ್ದು, ಪ್ಯಾಂಟು ಏರಿಸಿಕೊಂಡು ಟ್ಯಾಕ್ಸಿ ಹತ್ತಿದರು. ಶಾಸ್ತ್ರಿಗಳು ದರ್ಭೆ ಎತ್ತಿಡುತ್ತಿದ್ದರು. ವಿಶಾಲಾಕ್ಷಿ ಅವರಿಗೆ ಕಾಫಿ ತಂದಿಟ್ಟು, ಕೇಳಬಾರದೆಂದುಕೊಂಡೇ ಕೇಳಿದಳು.

"ಶಾಸ್ತ್ರಿಗಳೇ, ಹೀಗೆ ಮಾಡಿದ್ರೆ ಅಮ್ಮಂಗೆ ಮುಟ್ಟುತ್ತಾ?"

"ಏನಮ್ಮ ಹಾಗಂತೀರಿ, ಶಾಸ್ತ್ರದಲ್ಲೇ ಇದೆಯಲ್ಲ. ಪ್ರಯಾಣದಲ್ಲಿರೋರಿಗೆ, ಕೈಲಾಗದೋರಿಗೆ ಅಂತಲೇ ಈ ದಾರಿ ಇಟ್ಟಿದಾರೆ. ಹೋದ ವರ್ಷ ನೀವು ಎಲ್ಲೋ ದೂರ ಹೊರಟಿದ್ರಂತಲ್ಲ? ಆಗಲೇ ಡಾಕ್ಟ್ರಿಗೆ ಫೋನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದೆ. ಅಕ್ಕಿ ದಕ್ಷಿಣೆ ನನ್ನ ಹತ್ರ ಎತ್ತಿಟ್ಟು ಹೋಗಿ, ಆ ದಿನ ಎಲ್ಲಿರ್ತೀರೋ ಅಲ್ಲೇ ಎಳ್ಳುನೀರು ಬಿಡಿ, ಸಾಕು ಅಂತ. ಡಾಕ್ಟ್ರೇ ಒಪ್ಪಲಿಲ್ಲ. ಇಲ್ಲ, ಮನೇಲೇ ಪೂರ್ತಿ ಮಾಡ್ತೀನಿ ಅಂದ್ರು. ಎಂಥಾ ಮಾತೃಭಕ್ತಿ ಅಂತ ನಮ್ಮ ಮನೇಲೂ ಹೇಳಿದೆ ನಾನು," ಎಂದು ಶಾಸ್ತ್ರಿಗಳು ಕಾಫಿ ಹೀರಿದರು.

ಅವರು ಹೋದ ಮೇಲೆ ವಿಶಾಲಾಕ್ಷಿ ಅತ್ತೆ ಮಲಗುತ್ತಿದ್ದ ಕೋಣೆಯಲ್ಲಿ ಹೋಗಿ ಕೂತಳು. ಮರೆವು ಅಲ್ಲ, ಅಧಿಕ ಮಾಸ ಅಲ್ಲ, ಶಾಸ್ತ್ರವೂ ಅಲ್ಲ. ಬರಲು ಇಷ್ಟವಿಲ್ಲ ಎಂದಿದ್ದರೆ ಒಬ್ಬಳೇ ಹೋಗುತ್ತಿದ್ದಳು. ಒಬ್ಬಳೇ ಹೋಗಬಾರದು ಎಂದೇ ಅಲ್ಲವೇ ಈ ಆಟ ಹೂಡಿದ್ದು? ಅದಕ್ಕೆ ಸತ್ತ ತಾಯಿಯ ಹಸಿವನ್ನು ಮುಂದೆ ಮಾಡಿದರು, ಅದೂ 'ಹತ್ತಿಬಿಡೇ' ಎಂದ ತಾಯಿಯದು. ಮುಳ್ಳಿನ ಹಗ್ಗ ಎಳೆದುಕೊಂಡ ಆ ರಾಣಿ ಮತ್ತೆ ಕಣ್ಣ ಮುಂದೆ ಬಂದಳು. ಅವಳ ಗಂಡ ಕೊನೇಪಕ್ಷ ಎದುರಿಗೆ ಪಂಜು ಹಿಡಿದು ನಿಂತಿದ್ದ. ತನ್ನ ಗಂಡ ಗಾಲ್ಫ್ ಆಡಲು ಹೋಗಿದ್ದಾರೆ. ಥೂ, ಎಂದಳು ಜೋರಾಗಿ, ಖಾಲಿ ಮಂಚಕ್ಕೆ ಕೇಳುವಂತೆ.

ಬಿಸಿಲಿಗೆ ಕಂದಿ ಬಂದ ಡಾಕ್ಟರನ್ನು ಬ್ಯಾಗು ಇಳಿಸುವ ಮುಂಚೆಯೇ ಕೇಳಿದಳು. "ಹೋದ ವರ್ಷ ಶಾಸ್ತ್ರಿಗಳು ಆಗಲ್ಲ ಅಂದ್ರು ಅಂತ ಸುಳ್ಳು ಯಾಕೆ ಹೇಳಿದ್ರಿ?"

ಅವರಿಗೆ ಸಿಟ್ಟು ಬಂತು, ಸಿಕ್ಕಿಬಿದ್ದವರಿಗೆಲ್ಲ ಬರುವಂತೆ. "ಅದನ್ನ ಇನ್ನೂ ಹಿಡ್ಕೊಂಡು ಕೂತಿದ್ದೀಯಾ? ಆ ಸುಡು ಬಿಸಿಲಲ್ಲಿ ಅಪರಿಚಿತರ ಜೊತೆ ಅಲೆಯೋದು ನನ್ನ ಕೈಲಾಗಲ್ಲ. ನಿನ್ನನ್ನ ಒಬ್ಬಳೇ ಕಳಿಸಿ, ಆಮೇಲೆ ಏನಾದ್ರೂ ಆದ್ರೆ? ಹೋಗು, ಹೋಗಿ ಬಾ, ಯಾರು ಬೇಡ ಅಂದ್ರು? ಕಲ್ಲೆಲ್ಲಿ ಓಡಿಹೋಗುತ್ತೆ!"

ಆ ವಾರವೇ ಅವಳು ಈಸ್ಟರ್ ರಜೆಗೆ ಸೀಟು ಹಿಡಿದಳು. ತನ್ನೊಬ್ಬಳಿಗೆ. ಬೂಟು ಬೀರುವಿನಿಂದ ಹೊರಗೆ ಬಂತು. ಆದರೆ ಅದು ಮೊದಲಿನಂತಿರಲಿಲ್ಲ. ಸಿರಿಶಾಳ ನಡಿಗೆಗೆ ಹಿಮ್ಮಡಿ ಒಂದು ಕಡೆಗೆ ಸವೆದು, ಎಡಗಾಲಿನ ಕಿರುಬೆರಳಿಗೆ ಒತ್ತುತ್ತಿತ್ತು. ವಿಶಾಲಾಕ್ಷಿ ಹಠ ಹಿಡಿದು ಮತ್ತೆ ಪಾರ್ಕು ಸುತ್ತಿದಳು.

ಹೊರಡಲು ಇನ್ನೂ ಕೆಲವು ವಾರ ಇರುವಾಗ ಜ್ಯಾನೆಟ್‌ಳ ಫೋನು ಬಂತು. ಯಾರೋ ಪ್ರವಾಸಿ ಹೆಂಗಸು ಮೆಟ್ಟಿಲಿಂದ ಬಿದ್ದು ತೀರಿಕೊಂಡಳಂತೆ. ಇನ್ನು ಮುಂದೆ ಆ ಪಿರಮಿಡ್ ಹತ್ತಲು ಯಾರನ್ನೂ ಬಿಡುವುದಿಲ್ಲವಂತೆ. ಕೆಳಗೆ ನಿಂತು ನೋಡಬಹುದು. ನಿನಗೆ ಬೇಡವೆನಿಸಿದರೆ ಈಗಲೇ ಹೇಳು ಎಂದಳು ಜ್ಯಾನೆಟ್.

"ಬರ್ತೀನಿ," ಎಂದಳು ವಿಶಾಲಾಕ್ಷಿ.

ಹೋದಳು. ವಿಮಾನ, ಬಸ್ಸು, ಬಿಸಿಲು ಎಲ್ಲ ಅಂದುಕೊಂಡ ಹಾಗೇ ಇತ್ತು. ಗಿಡ್ಡಗಿನ ಗೈಡು ಎಲ್ಲರನ್ನೂ ಪಿರಮಿಡ್ಡಿನ ಎದುರು ನಿಲ್ಲಿಸಿ ಚಪ್ಪಾಳೆ ಹೊಡೆಯಲು ಹೇಳಿದ. ಹೊಡೆದರೆ ಕಲ್ಲಿನ ಮೆಟ್ಟಿಲೆಲ್ಲ ಸೇರಿ ಹಕ್ಕಿಯಂತೆ ಚಿಲಿಪಿಲಿಗುಟ್ಟಿ ಉತ್ತರ ಕೊಟ್ಟಿತು. ಎಲ್ಲರೂ ಮಕ್ಕಳಂತೆ ನಕ್ಕರು. ವಿಶಾಲಾಕ್ಷಿ ಹಗ್ಗ ಕಟ್ಟಿದ ಕಡೆಗೆ ಹೋದಳು. ಮೊದಲನೆಯ ಮೆಟ್ಟಿಲು ಅಷ್ಟು ಹತ್ತಿರ, ಬಗ್ಗಿದರೆ ಮುಟ್ಟಬಹುದಿತ್ತು. ಕತ್ತೆತ್ತಿ ನೋಡಿದಳು. ತುದಿಯಲ್ಲಿ ಯಾರೂ ಇರಲಿಲ್ಲ. ಕಾಡು ಅಲ್ಲಿಂದ ಹೇಗೆ ಕಾಣುತ್ತದೋ ಅವಳಿಗೆ ಇನ್ನು ತಿಳಿಯುವಂತಿಲ್ಲ. ಮೊಣಕಾಲು ಇನ್ನೂ ಗಟ್ಟಿಯಾಗಿಯೇ ಇತ್ತು. ಕಾಲಲ್ಲಿದ್ದ ಬೂಟು ಈ ಮೆಟ್ಟಿಲುಗಳನ್ನೆಲ್ಲ ಒಮ್ಮೆ ಹತ್ತಿ ಇಳಿದಿತ್ತು. ಅವಳು ಹತ್ತಿರಲಿಲ್ಲ. ಬಿಸಿಲಿನಲ್ಲಿ ನಿಂತು, ಗೈಡು ಕರೆಯುವವರೆಗೆ ಅತ್ತಳು.

ಗ್ಯಾಟ್ವಿಕ್‌ಗೆ ಡಾಕ್ಟರು ಕಾರು ತಂದಿದ್ದರು. ಸೂಟ್‌ಕೇಸು ಹಿಂದೆ ಇಟ್ಟು, ಕಾರು ಹೊರಡಿಸಿ, ಖುಷಿಯಲ್ಲೇ ಅಂದರು. "ಅಂತೂ ನೋಡ್ಕೊಂಡು ಬಂದ್ಯಲ್ಲ! ನಾನು ಹೇಳ್ಲಿಲ್ವಾ, ಕಲ್ಲೆಲ್ಲಿ ಓಡಿಹೋಗುತ್ತೆ ಅಂತ?"

"ಇಲ್ಲ ರೀ, ಎಲ್ಲೂ ಹೋಗಿಲ್ಲ. ಅಲ್ಲೇ ಇದೆ," ಎಂದಳು ವಿಶಾಲಾಕ್ಷಿ. ಬಗ್ಗಿ ಬೂಟಿನ ಲೇಸು ಸಡಿಲಿಸಿದಳು, ಎಡಗಾಲ ಕಿರುಬೆರಳಲ್ಲಿ ಬೊಕ್ಕೆ ಎದ್ದಿತ್ತು. ಆಮೇಲೆ ಹೇಳಿದಳು. "ಈ ವರ್ಷವೂ ಅಮ್ಮನ ತಿಥಿಗೆ ಶಾಸ್ತ್ರಿಗಳಿಗೆ ಹೇಳಿಬಿಡಿ. ಅಕ್ಕಿ, ಬೇಳೆ, ದಕ್ಷಿಣೆ. ಅಡುಗೆ ಇಲ್ಲ. ಪ್ರಯಾಣದಲ್ಲಿರೋರಿಗೆ ಆ ದಾರಿ ಇದೆಯಂತಲ್ಲ."

"ಅಕ್ಟೋಬರ್‌ನಲ್ಲಾ? ನಾನೆಲ್ಲೂ ಹೋಗ್ತಿಲ್ಲವಲ್ಲ. ಪ್ರಯಾಣದಲ್ಲಿರೋರು ಯಾರು?"

"ನಾನು," ಎಂದಳು ವಿಶಾಲಾಕ್ಷಿ.

ಡಾಕ್ಟರು ಎಲ್ಲಿಗೆ ಎಂದು ಕೇಳಿದರು. ಅವಳು ಹೇಳಲಿಲ್ಲ. ಮನೆ ಮುಟ್ಟುವವರೆಗೂ ಅವರು ಅದನ್ನೇ ಕೇಳುತ್ತಿದ್ದರು.